ತೆರೆಯದ ಪಿಡಿಎಫ್: ಕಾರಣ ಮತ್ತು ಪರಿಹಾರ

ತೆರಿಗೆ ಚಲನ್, ಇ-ವೇ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಖರೀದಿ ಆದೇಶ ಮೊದಲಾದ ದಾಖಲೆಗಳು ಇಂದು ವರ್ತಕರ ಕೈಸೇರುವುದು ಬಹುಪಾಲು ಪಿಡಿಎಫ್ ರೂಪದಲ್ಲಿಯೇ. ಅಡೋಬಿ ಸಂಸ್ಥೆಯು 1993ರಲ್ಲಿ ಹೊರತಂದ ಈ ಮಾದರಿಯು 2008ರಲ್ಲಿ ಐಎಸ್‌ಒ ಮಾನಕವಾಯಿತು. ಆದರೂ ಅಂತಿಮ ದಿನದ ಸಂಜೆ ಕಡತವು ಬ್ರೌಸರ್‌ನಲ್ಲಿ ತೆರೆಯದಿದ್ದರೆ ಅದು ಕೇವಲ ತಾಂತ್ರಿಕ ತೊಡಕಾಗಿ ಉಳಿಯುವುದಿಲ್ಲ. ಕಂಪನಿಗಳ ಎಒಸಿ-4 ಹಾಗೂ ಎಂಜಿಟಿ-7 ನಮೂನೆಗಳ ಸಲ್ಲಿಕೆ ತಡವಾದಲ್ಲಿ, 2018ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ, ಪ್ರತಿ ನಮೂನೆಗೆ ದಿನವೊಂದಕ್ಕೆ ರೂ. 100ರಂತೆ ಹೆಚ್ಚುವರಿ ಶುಲ್ಕ ಬೀಳುತ್ತದೆ.

ದೋಷ ಎಲ್ಲಿದೆ?

ಮೊದಲು ಕಡತವನ್ನು ಗಣಕಯಂತ್ರದಲ್ಲಿ ಉಳಿಸಿಕೊಂಡು ಅಡೋಬಿ ರೀಡರ್‌ನಲ್ಲಿ ತೆರೆದು ನೋಡಬೇಕು. ಅಲ್ಲಿ ತೆರೆದುಕೊಂಡರೆ ಕಡತ ಸರಿಯಿದೆ, ತೊಡಕು ಬ್ರೌಸರ್‌ನದು ಎಂದರ್ಥ. ಅಲ್ಲಿಯೂ ತೆರೆಯದಿದ್ದರೆ ಕಡತದ ಗಾತ್ರವನ್ನು ಗಮನಿಸಬೇಕು. ಗಾತ್ರವು 0 ಕೆಬಿ ಅಥವಾ ತೀರ ಕಡಿಮೆ ಇದ್ದಲ್ಲಿ ಡೌನ್‌ಲೋಡ್ ಅಪೂರ್ಣವಾಗಿರಬಹುದು. ಇಲ್ಲವೆ ಪೋರ್ಟಲ್‌ನ ಅವಧಿ ಮುಗಿದು, ದೋಷಸೂಚನೆಯ ಪುಟವೇ ಪಿಡಿಎಫ್ ಹೆಸರಿನಲ್ಲಿ ಉಳಿದಿರಬಹುದು. ಮರಳಿ ಲಾಗಿನ್ ಆಗಿ ಕಡತವನ್ನು ಹೊಸದಾಗಿ ಪಡೆಯುವುದೇ ಇದಕ್ಕೆ ಪರಿಹಾರ.

ಬ್ರೌಸರ್‌ನ ತೊಡಕುಗಳು

ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಕಡತ ತೆರೆದರೆ, ಹಳೆಯ ಕ್ಯಾಶೆ ಅಥವಾ ಯಾವುದೋ ಎಕ್ಸ್‌ಟೆನ್ಷನ್ ಅಡ್ಡಿಯಾಗಿರುವ ಸಂಭವ ಹೆಚ್ಚು. ತೆರೆಯುವ ಬದಲು ಪ್ರತಿ ಸಲವೂ ಡೌನ್‌ಲೋಡ್ ಆಗುತ್ತಿದ್ದರೆ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಪಿಡಿಎಫ್ ಕುರಿತ ಆಯ್ಕೆಯನ್ನು ಬದಲಿಸಿದರೆ ಸಾಕು.

‘ಪ್ಲೀಸ್ ವೇಟ್’ ಎಂಬ ಸೂಚನೆ

ಕಂಪನಿ ವ್ಯವಹಾರಗಳ ಸಚಿವಾಲಯದ ಹಳೆಯ ಇ-ನಮೂನೆಗಳನ್ನು ತೆರೆದಾಗ ಈ ಸೂಚನೆ ಮಾತ್ರ ಕಾಣಿಸುವುದುಂಟು. ಎಷ್ಟು ಕಾದರೂ ಪ್ರಯೋಜನವಿಲ್ಲ. ಅವು ಎಕ್ಸ್‌ಎಫ್‌ಎ ಎಂಬ ವಿಧಾನದಲ್ಲಿ ರಚಿತವಾದವು. ಕ್ರೋಮ್‌ನಲ್ಲಾಗಲಿ ಮೊಬೈಲ್‌ನ ರೀಡರ್‌ನಲ್ಲಾಗಲಿ ತೆರೆಯವು. 2022ರಿಂದ ಸಚಿವಾಲಯವು ಹಂತಹಂತವಾಗಿ ಜಾಲಪುಟದಲ್ಲಿಯೇ ತುಂಬುವ ನಮೂನೆಗಳಿಗೆ ಬದಲಾಗಿದೆಯಾದರೂ, ಹಿಂದಿನ ವರ್ಷಗಳ ಪ್ರತಿಗಳು ಹಳೆಯ ರೂಪದಲ್ಲಿಯೇ ಇವೆ. ಸಾಲಕ್ಕಾಗಿ ಬ್ಯಾಂಕಿಗೆ ಇವನ್ನು ಕಳುಹಿಸುವವರು ಗಣಕಯಂತ್ರದ ರೀಡರ್‌ನಲ್ಲಿ ತೆರೆದು, ‘ಪ್ರಿಂಟ್ ಟು ಪಿಡಿಎಫ್’ ಮೂಲಕ ಸಾದಾ ಪ್ರತಿ ಮಾಡಿಕೊಳ್ಳುವುದು ಲೇಸು.

ಪಾಸ್‌ವರ್ಡ್

ಆದಾಯ ತೆರಿಗೆಯ ಐಟಿಆರ್-ವಿ ಕಡತಕ್ಕೆ ಪ್ಯಾನ್ ಸಂಖ್ಯೆಯನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆದು, ಅದಕ್ಕೆ ಹೊಂದಿಕೊಂಡಂತೆ ಜನ್ಮದಿನಾಂಕದ ಎಂಟು ಅಂಕಿಗಳನ್ನು ಸೇರಿಸಬೇಕು. ಕಂಪನಿಯಾದರೆ ಜನ್ಮದಿನಾಂಕದ ಬದಲು ಸ್ಥಾಪನೆಯ ದಿನಾಂಕ.

ಕೊನೆಯದಾಗಿ ಒಂದು ಎಚ್ಚರಿಕೆ. ಕೆಟ್ಟ ಕಡತವನ್ನು ಸರಿಪಡಿಸಿಕೊಡುವುದಾಗಿ ಹೇಳುವ ಅಪರಿಚಿತ ಉಚಿತ ಜಾಲತಾಣಗಳಿಗೆ ಲೆಕ್ಕಪತ್ರಗಳನ್ನು ಏರಿಸಬಾರದು. ಪ್ಯಾನ್, ಬ್ಯಾಂಕ್ ಖಾತೆ, ಗ್ರಾಹಕರ ವಿವರಗಳೆಲ್ಲ ಅನ್ಯರ ಕೈಸೇರುವ ಅಪಾಯವಿದೆ. ದಾಖಲೆಗಳನ್ನು ಗಡುವಿಗೆ ನಾಲ್ಕಾರು ದಿನ ಮೊದಲೇ ತೆರೆದು ಪರೀಕ್ಷಿಸಿಡುವ ಪದ್ಧತಿಯು ದಂಡವನ್ನೂ ಆತಂಕವನ್ನೂ ಉಳಿಸುತ್ತದೆ.