ಪರದೆಯ ಲೆಕ್ಕವೂ ಕೈಲೆಕ್ಕವೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಊರುಗಳಲ್ಲಿ ಯಾವುದರ ಸಂತೆಬೀದಿಯಲ್ಲಿ ನಿಂತು ನೋಡಿದರೂ, ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸವನ್ನೆಲ್ಲ ಇಂದು ಪಿಕಪ್ ಗಾಡಿ ಮಾಡುತ್ತಿರುವುದು ಕಣ್ಣಿಗೆ ಬೀಳುತ್ತದೆ. ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪಿನ ಬೇಲು, ಗಿರಣಿಗೆ ಭತ್ತ, ಮೈಸೂರಿಗೆ ತರಕಾರಿ, ಕೇರಳದ ಕಡೆಗೆ ಶುಂಠಿ, ಮದುವೆಮನೆಗೆ ಪಾತ್ರೆಪಡಗ, ಎಲ್ಲವೂ ಅದರ ಬೆನ್ನಿನ ಮೇಲೆಯೇ. ಎತ್ತಿಗೆ ಹುಲ್ಲು ಹಿಂಡಿಗಳ ಲೆಕ್ಕವಿದ್ದಂತೆ ಪಿಕಪ್ಪಿಗೆ ಡೀಸೆಲಿನ ಲೆಕ್ಕ. ಒಂದು ಲೀಟರಿಗೆ ಎಷ್ಟು ಕಿಲೋಮೀಟರು ಓಡಿತು ಎಂಬುದರ ಮೇಲೆಯೇ ಬಾಡಿಗೆಯ ದರ, ಸಾಲದ ಕಂತು, ಚಾಲಕನ ಸಂಬಳ ಎಲ್ಲವೂ ನಿಂತಿವೆ.

ಈ ಪ್ರಮಾಣಕ್ಕೆ ನಾವು ‘ಮೈಲೇಜು’ ಎನ್ನುತ್ತೇವೆ. 1956ರ ತೂಕ ಅಳತೆಗಳ ಕಾನೂನಿನ ತರುವಾಯ ಮೈಲಿಯೂ ಗ್ಯಾಲನ್ನೂ ಕ್ರಮವಾಗಿ ನಮ್ಮ ವ್ಯವಹಾರದಿಂದ ಮರೆಯಾದುವು. ಮೈಲಿ ಹೋದರೂ ಮೈಲೇಜು ಮಾತ್ರ ಮಾತಿನಲ್ಲಿ ಉಳಿದುಬಂದಿತು. ಹಿಂದಿನವರು ಗ್ಯಾಲನ್ನಿಗೆ 34 ಮೈಲಿ ಎನ್ನುತ್ತಿದ್ದುದು ಇಂದಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು 12 ಕಿಲೋಮೀಟರು. ಹೆಸರು ಹೇಗೇ ಇರಲಿ, ಲೆಕ್ಕ ಸರಳವಾದದ್ದು: ಓಡಿದ ದೂರ ಭಾಜ್ಯ, ಸುಟ್ಟ ಡೀಸೆಲು ಭಾಜಕ, ಬಂದ ಭಾಗಲಬ್ಧವೇ ಮೈಲೇಜು.

ಈಗಿನ ಹಲವು ಪಿಕಪ್ಪುಗಳಲ್ಲಿ ಈ ಭಾಗಾಕಾರವನ್ನು ಗಾಡಿಯೇ ಮಾಡಿ, ಚಾಲಕನ ಮುಂದಿನ ಚಿಕ್ಕ ಪರದೆಯಲ್ಲಿ ಅಂಕಿಯನ್ನು ತೋರಿಸುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ. ಪರದೆ 12.6 ಎನ್ನುತ್ತದೆ, ಬಂಕಿನ ಚೀಟಿಗಳನ್ನು ಕೂಡಿಸಿ ಭಾಗಿಸಿದರೆ 12 ಬರುತ್ತದೆ. ತಿಂಗಳಿಗೆ 3,000 ಕಿಲೋಮೀಟರು ಓಡುವ ಗಾಡಿಗೆ ಪರದೆಯ ಪ್ರಕಾರ 238 ಲೀಟರು ಸಾಕು. ಚೀಟಿಯ ಪ್ರಕಾರ 250 ಲೀಟರು ಹಿಡಿದಿದೆ. ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೂ ವ್ಯತ್ಯಾಸ ಸಾವಿರ ರೂಪಾಯಿಗೆ ಮೀರುತ್ತದೆ. ಆ ಹನ್ನೆರಡು ಲೀಟರು ಎಲ್ಲಿಗೆ ಹೋಯಿತು ಎಂದು ಮಾಲೀಕನು ಕೇಳುತ್ತಾನೆ. ಚಾಲಕನಿಗೆ ಉತ್ತರ ತೋರದು. ಹತ್ತು ವರ್ಷದ ನಂಬಿಕೆ ಒಂದು ಅಂಕಿಯಿಂದ ಮುರಿದುಬೀಳುವುದು ಹೀಗೆ. ಆದುದರಿಂದ ಈ ಎರಡು ಲೆಕ್ಕಗಳು ಹೇಗೆ ಹುಟ್ಟುತ್ತವೆ, ಯಾವುದರಲ್ಲಿ ಏನು ದೋಷವಿದೆ ಎಂಬುದನ್ನು ತಿಳಿಯುವುದು ಅಗತ್ಯ. ನಿಮ್ಮ ಮನೆಯಲ್ಲಿ ಪಿಕಪ್ ಇಲ್ಲದೆ ಕಾರು ಮಾತ್ರವಿದ್ದರೂ ಈ ವಿಚಾರ ಅದಕ್ಕೂ ಸಲ್ಲುತ್ತದೆ.

ಮೊದಲು ಪರದೆಯ ಲೆಕ್ಕವನ್ನು ನೋಡೋಣ. ಡೀಸೆಲ್ ಹರಿಯುವ ಕೊಳವೆಯಲ್ಲಿ ಯಾರೋ ಪಾವು ಸೇರು ಹಿಡಿದು ಅಳೆಯುತ್ತಿದ್ದಾರೆಂದು ಭಾವಿಸಬೇಡಿ. ಎಂಜಿನ್ನಿಗೆ ಡೀಸೆಲನ್ನು ಸಿಂಪಡಿಸುವ ಇಂಜೆಕ್ಟರುಗಳ ಬಾಯಿ ಒಂದು ಸೆಕೆಂಡಿನ ಸಾವಿರದ ಕೆಲವು ಅಂಶಗಳಷ್ಟು ಕಾಲ ಮಾತ್ರ ತೆರೆದು ಮುಚ್ಚುತ್ತದೆ. ಎಷ್ಟು ಹೊತ್ತು ತೆರೆಯಬೇಕೆಂದು ಅಪ್ಪಣೆ ಕೊಡುವುದು ಎಂಜಿನ್ನಿನ ನಿಯಂತ್ರಣ ಪೆಟ್ಟಿಗೆ, ಅಂದರೆ ಒಂದು ಪುಟ್ಟ ಕಂಪ್ಯೂಟರು. ಕೊಳವೆಯಲ್ಲಿ ಇಷ್ಟು ಒತ್ತಡವಿರುವಾಗ ಇಷ್ಟು ಹೊತ್ತು ಬಾಯಿ ತೆರೆದರೆ ಇಷ್ಟು ಡೀಸೆಲು ಹೋಗಿರಬೇಕು ಎಂದು ಅದು ಲೆಕ್ಕ ಹಾಕಿ, ಹನಿಹನಿಯಾಗಿ ಕೂಡಿಸುತ್ತ ಹೋಗುತ್ತದೆ. ‘ಹೋಗಿದೆ’ ಎಂದಲ್ಲ, ‘ಹೋಗಿರಬೇಕು’ ಎಂದು. ಇದು ಅನುಮಾನ ಪ್ರಮಾಣವೇ ಹೊರತು ಪ್ರತ್ಯಕ್ಷವಲ್ಲ. ಇಂಜೆಕ್ಟರು ಹೊಸದಾಗಿರುವಾಗ ಅನುಮಾನವು ಸತ್ಯಕ್ಕೆ ಹತ್ತಿರವಾಗಿರುತ್ತದೆ; ಅದು ಸವೆದು ಹೆಚ್ಚು ಡೀಸೆಲು ಜಿನುಗತೊಡಗಿದರೆ, ಕಂಪ್ಯೂಟರು ತನ್ನ ಹಳೆಯ ಲೆಕ್ಕವನ್ನೇ ಹೇಳುತ್ತಿರುತ್ತದೆ.

ಅಮೆರಿಕದ ಮೋಟಾರು ಸಂಘವಾದ ಟ್ರಿಪಲ್ ಎ 2022ರಲ್ಲಿ ಕೆಲವು ವಾಹನಗಳನ್ನು ಪ್ರಯೋಗಶಾಲೆಯಲ್ಲಿ ಓಡಿಸಿ, ಪರದೆಯ ಅಂಕಿಯನ್ನು ನಿಜವಾಗಿ ಸುಟ್ಟ ಇಂಧನದೊಡನೆ ಹೋಲಿಸಿ ನೋಡಿತು. ಸರಾಸರಿ ದೋಷ ನೂರಕ್ಕೆ 2.3 ಮಾತ್ರ. ಆದರೆ ಒಂದೊಂದೇ ವಾಹನವನ್ನು ತೆಗೆದುಕೊಂಡಾಗ, ಕೆಲವು ಹೆಚ್ಚು ಹೇಳಿದುವು, ಕೆಲವು ಕಡಿಮೆ ಹೇಳಿದುವು. ಅತಿ ದೊಡ್ಡ ದೋಷ ನೂರಕ್ಕೆ 6.4ರಷ್ಟಿದ್ದಿತು. ಯೂರೋಪಿನಲ್ಲಿ 2021ರಿಂದ ಹಂತಹಂತವಾಗಿ ಹೊಸ ಕಾರುಗಳಿಗೂ ಸಣ್ಣ ಸರಕು ಗಾಡಿಗಳಿಗೂ ಇಂಧನ ಬಳಕೆಯನ್ನು ದಾಖಲೆ ಮಾಡುವ ಏರ್ಪಾಡು ಕಡ್ಡಾಯವಾಯಿತು. ಆ ಕಾನೂನು ಕೂಡ ನೂರಕ್ಕೆ ಐದರವರೆಗೆ ಆಚೀಚೆಯಾಗುವುದಕ್ಕೆ ಎಡೆಗೊಟ್ಟಿದೆ. ಹೀಗಿರುವಾಗ ನಮ್ಮ ಪಿಕಪ್ಪಿನ ಪರದೆ ನೂರಕ್ಕೆ ನಾಲ್ಕೈದು ತಪ್ಪಿದರೆ ಆಶ್ಚರ್ಯಪಡಬೇಕಾದುದಿಲ್ಲ.

ಹಾಗಾದರೆ ಕೈಲೆಕ್ಕವೇ ಸರಿಯೆ? ಕ್ರಮವಾಗಿ ಮಾಡಿದರೆ ಸರಿ. ಅಡ್ಡಾದಿಡ್ಡಿಯಾಗಿ ಮಾಡಿದರೆ ಅದು ಪರದೆಗಿಂತಲೂ ಹೆಚ್ಚು ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಬಂಕಿಗೆ ಹೋದವರು ‘ಐನೂರಕ್ಕೆ ಹಾಕಪ್ಪ’, ‘ಸಾವಿರಕ್ಕೆ ಹಾಕು’ ಎನ್ನುವುದು ವಾಡಿಕೆ. ಟ್ಯಾಂಕಿನಲ್ಲಿ ಮೊದಲು ಎಷ್ಟಿತ್ತು, ಕೊನೆಗೆ ಎಷ್ಟು ಉಳಿಯಿತು ಎಂಬುದು ತಿಳಿಯದೆ, ಹಾಕಿಸಿದ ಡೀಸೆಲಿನಿಂದ ಓಡಿದ ದೂರವನ್ನು ಭಾಗಿಸಿದರೆ ಬರುವುದು ಮೈಲೇಜಲ್ಲ, ಬರಿಯ ಊಹೆ.

ಸರಿಯಾದ ಕ್ರಮ ಇದು. ಟ್ಯಾಂಕು ತುಂಬಿ ಬಂಕಿನ ನಳಿಕೆ ತಾನಾಗಿ ‘ಟಕ್’ ಎಂದು ನಿಲ್ಲುವವರೆಗೆ ಡೀಸೆಲು ಹಾಕಿಸಿ. ಆಗ ಮೀಟರಿನ ಅಂಕಿಯನ್ನು ಬರೆದಿಟ್ಟು, ಪರದೆಯ ಸರಾಸರಿಯನ್ನೂ ಸೊನ್ನೆ ಮಾಡಿ. ಮುಂದಿನ ಸಲವೂ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ನಳಿಕೆಯ ಮುಂದೆ, ಅದೇ ಸಮತಟ್ಟಿನಲ್ಲಿ ಗಾಡಿ ನಿಲ್ಲಿಸಿ, ಮತ್ತೆ ‘ಟಕ್’ ಎನ್ನುವವರೆಗೆ ತುಂಬಿಸಿ. ಎರಡನೆಯ ಸಲ ಹಿಡಿದ ಡೀಸೆಲೇ ನಡುವೆ ಖರ್ಚಾದದ್ದು. ಡೀಸೆಲಿಗೆ ನೊರೆ ಏಳುವ ಸ್ವಭಾವವುಂಟು. ನೊರೆ ತಗುಲಿದರೂ ನಳಿಕೆ ನಿಂತುಬಿಡುತ್ತದೆ. ಗಾಡಿ ಒಂದು ಮಗ್ಗುಲಿಗೆ ವಾಲಿದ್ದರೂ ಒಂದು ಲೀಟರು ಆಚೀಚೆಯಾಗಬಹುದು. ಹತ್ತು ಲೀಟರಿನಲ್ಲಿ ಒಂದು ಲೀಟರು ತಪ್ಪಿದರೆ ದೋಷ ನೂರಕ್ಕೆ ಹತ್ತು. ನೂರು ಲೀಟರಿನಲ್ಲಿ ಅದೇ ಒಂದು ಲೀಟರು ತಪ್ಪಿದರೆ ನೂರಕ್ಕೆ ಒಂದೇ. ಆದುದರಿಂದ ಒಂದು ಸಲದ ಲೆಕ್ಕದಿಂದ ಯಾವ ತೀರ್ಮಾನಕ್ಕೂ ಬರಬಾರದು. ಮೂರು ನಾಲ್ಕು ಸಲ ತುಂಬಿಸಿ ಒಟ್ಟು ಲೆಕ್ಕ ಮಾಡಬೇಕು.

ಒಂದು ದೃಷ್ಟಾಂತ. ಮೊದಲು ಟ್ಯಾಂಕು ತುಂಬಿಸಿದಾಗ ಮೀಟರು 42,310 ಎಂದಿಟ್ಟುಕೊಳ್ಳಿ. ಆಮೇಲೆ ಮೂರು ಸಲ ತುಂಬಿಸಿದಾಗ ಹಿಡಿದದ್ದು 38, 41.5, 36.5 ಲೀಟರು, ಒಟ್ಟು 116. ಮೂರನೆಯ ಸಲ ಮೀಟರು 43,702. ಓಡಿದ ದೂರ 1,392 ಕಿಲೋಮೀಟರು. ಅದನ್ನು 116ರಿಂದ ಭಾಗಿಸಿದರೆ ಸರಿಯಾಗಿ 12.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಸರಾಸರಿಗಳ ಸರಾಸರಿಯನ್ನು ತೆಗೆಯಬೇಡಿ. ಗಾಡಿಯೊಂದು ಸರಕು ಹೇರಿಕೊಂಡು 50 ಕಿಲೋಮೀಟರು ಹೋಗಿ, ಬರಿದಾಗಿ ಅಷ್ಟೇ ದೂರ ಹಿಂದಿರುಗಿತೆನ್ನಿ. ಹೋಗುವಾಗ ಲೀಟರಿಗೆ 10, ಬರುವಾಗ 15. ಎರಡನ್ನೂ ಕೂಡಿಸಿ ಅರ್ಧ ಮಾಡಿ 12.5 ಎನ್ನುವವರೇ ಹೆಚ್ಚು. ಆದರೆ ಹೋಗುವಾಗ ಸುಟ್ಟದ್ದು 5 ಲೀಟರು, ಬರುವಾಗ 3.33 ಲೀಟರು; 100 ಕಿಲೋಮೀಟರಿಗೆ 8.33 ಲೀಟರು. ನಿಜವಾದ ಮೈಲೇಜು 12. ಅರ್ಧ ಕಿಲೋಮೀಟರು ಕೇವಲ ಲೆಕ್ಕದ ತಪ್ಪಿನಿಂದ ಕಾಣೆಯಾಯಿತು. ಅದಕ್ಕೆ ಯಾರನ್ನು ದೂರೋಣ?

ಇನ್ನು ದೂರದ ವಿಚಾರ. ಪರದೆಯೂ ಮೀಟರೂ ದೂರವನ್ನು ಅಳೆಯುವುದು ಚಕ್ರದ ಸುತ್ತುಗಳನ್ನು ಎಣಿಸಿ. ಸುಮಾರು 73 ಸೆಂಟಿಮೀಟರು ವ್ಯಾಸದ ಟೈರು ಆರು ಮಿಲಿಮೀಟರಿನಷ್ಟು ಸವೆದರೆ, ಎರಡು ಕಡೆಯೂ ಸೇರಿ ವ್ಯಾಸದಲ್ಲಿ ಹನ್ನೆರಡು ಮಿಲಿಮೀಟರು ಕಡಿಮೆಯಾಗುತ್ತದೆ. ಚಕ್ರ ಚಿಕ್ಕದಾದಷ್ಟೂ ಅದೇ ದಾರಿಗೆ ಹೆಚ್ಚು ಸುತ್ತು ಬೇಕು. ಹೀಗೆ ಮೀಟರು ನೂರಕ್ಕೆ ಒಂದೂವರೆಯಷ್ಟು ಹೆಚ್ಚು ದೂರವನ್ನು ತೋರಿಸುತ್ತದೆ. ಈ ದೋಷ ಪರದೆಗೂ ಕೈಲೆಕ್ಕಕ್ಕೂ ಸಮಾನ. ಎರಡನ್ನೂ ಹೋಲಿಸಿ ಇದನ್ನು ಕಂಡುಹಿಡಿಯಲಾಗದು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವಾಗ ದಾರಿಬದಿಯ ಕಿಲೋಮೀಟರು ಕಲ್ಲುಗಳನ್ನೋ ಮೊಬೈಲಿನ ಜಿಪಿಎಸ್ಸನ್ನೋ ಸಾಕ್ಷಿಯಾಗಿಟ್ಟುಕೊಂಡು, 20 ಕಿಲೋಮೀಟರಿಗೆ ನಿಮ್ಮ ಮೀಟರು ಎಷ್ಟು ಹೇಳುತ್ತದೆಂದು ನೋಡಬಹುದು. 20.3 ಎಂದು ತೋರಿಸಿದರೆ ಟೈರು ಸವೆದಿರುವುದೇ ಕಾರಣವಾಗಿದ್ದೀತು.

ಬೆಳಗಿನ ತಂಪಿನಲ್ಲಿ ಡೀಸೆಲು ಹಾಕಿಸಿದರೆ ಹೆಚ್ಚು ಬರುತ್ತದೆಂದು ಹಲವರು ನಂಬಿದ್ದಾರೆ. ಡೀಸೆಲು ಬಿಸಿಗೆ ಹಿಗ್ಗುವುದು ನಿಜ. ಹತ್ತು ಡಿಗ್ರಿಗೆ ನೂರಕ್ಕೆ 0.8ರಷ್ಟು. ಆದರೆ ಬಂಕಿನ ತೊಟ್ಟಿ ನೆಲದೊಳಗಿರುವುದರಿಂದ ಬೆಳಗಿಗೂ ಮಧ್ಯಾಹ್ನಕ್ಕೂ ಅದರ ಶಾಖದಲ್ಲಿ ಹೇಳಿಕೊಳ್ಳುವಂಥ ಅಂತರವಿರುವುದಿಲ್ಲ. ಇದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ. ಬಂಕಿನ ಅಳತೆಯ ಮೇಲೆಯೇ ಸಂಶಯ ಬಂದರೆ, ಮುದ್ರೆಯೊತ್ತಿದ ಐದು ಲೀಟರಿನ ಮಾಪಕದಲ್ಲಿ ಅಳೆದು ತೋರಿಸೆಂದು ಕೇಳಲು ಪ್ರತಿಯೊಬ್ಬ ಗಿರಾಕಿಗೂ ಹಕ್ಕಿದೆ. ಐದು ಲೀಟರಿಗೆ 25 ಮಿಲಿಲೀಟರಿನ ಹೆಚ್ಚುಕಡಿಮೆ ನಿಯಮದೊಳಗಿನದು. ಅದನ್ನು ಮೀರಿದ ಕೊರತೆಯನ್ನು ಕಾನೂನು ಮಾಪನಶಾಸ್ತ್ರ ಇಲಾಖೆಗೆ ತಿಳಿಸಬಹುದು.

ಇಷ್ಟೆಲ್ಲ ತಿಳಿದ ಮೇಲೆ ಎರಡು ಲೆಕ್ಕಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕೆ? ಬೇಡ. ಎರಡನ್ನೂ ಜೊತೆಯಾಗಿ ಇಟ್ಟುಕೊಂಡರೆ, ಬೇರೆಬೇರೆಯಾಗಿ ಹೇಳಲಾರದ ಸಂಗತಿಯನ್ನು ಅವು ಕೂಡಿ ಹೇಳುತ್ತವೆ. ಪರದೆ ಎಣಿಸುವುದು ಎಂಜಿನ್ನಿಗೆ ಹೋದ ಡೀಸೆಲನ್ನು. ಚೀಟಿ ಎಣಿಸುವುದು ನೀವು ಕೊಂಡ ಡೀಸೆಲನ್ನು. ಮೇಲಿನ ದೃಷ್ಟಾಂತದಲ್ಲಿ ಕೈಲೆಕ್ಕ 12, ಪರದೆ 12.6. ಹನ್ನೆರಡನ್ನು 12.6ರಿಂದ ಭಾಗಿಸಿದರೆ 0.95. ಇದು ಆ ಗಾಡಿಯ ಸ್ವಂತ ಪ್ರಮಾಣ. ಇದನ್ನು ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಿ. ಅಲ್ಲಿಂದ ಮುಂದೆ ಪರದೆ 14 ಎಂದರೆ ಅದನ್ನು 0.95ರಿಂದ ಗುಣಿಸಿ 13.3 ಎಂದು ತಿಳಿಯಬಹುದು. ಬಾಡಿಗೆಯ ದರ ಹೇಳುವಾಗ ಈ ತಿದ್ದಿದ ಅಂಕಿಯನ್ನೇ ಬಳಸಬೇಕು.

ಮುಂದೊಂದು ತಿಂಗಳು ಪರದೆಯ ಅಂಕಿಯೂ ಕೈಲೆಕ್ಕವೂ ಒಟ್ಟೊಟ್ಟಿಗೆ ಇಳಿದುವೆನ್ನಿ, ಪ್ರಮಾಣ 0.95 ಆಗಿಯೇ ಉಳಿಯಿತು. ಆಗ ಡೀಸೆಲು ಎಂಜಿನ್ನಿನಲ್ಲಿಯೇ ಉರಿದಿದೆ. ಭಾರ ಹೆಚ್ಚಾಗಿರಬಹುದು, ಟೈರಿನಲ್ಲಿ ಗಾಳಿ ಕಡಿಮೆಯಾಗಿರಬಹುದು, ಗಾಳಿಶೋಧಕ ಧೂಳಿನಿಂದ ಕಟ್ಟಿಕೊಂಡಿರಬಹುದು, ಬ್ರೇಕು ಹಿಡಿಯುತ್ತಿರಬಹುದು. ಹರಾಜು ಮಾರುಕಟ್ಟೆಯ ಸಾಲಿನಲ್ಲಿ ಎಂಜಿನ್ ನಿಲ್ಲಿಸದೆ ಕಾದದ್ದೂ ಕಾರಣವಾಗಬಹುದು. ನಿಂತಲ್ಲೇ ಓಡುವ ಡೀಸೆಲ್ ಎಂಜಿನ್ನು ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಕುಡಿಯುತ್ತದೆ. ಪರದೆಯ ಅಂಕಿ ಇದ್ದಂತೆಯೇ ಇದ್ದು ಕೈಲೆಕ್ಕ ಮಾತ್ರ ಇಳಿದು, ಪ್ರಮಾಣ 0.88ಕ್ಕೆ ಬಂದರೆ ಸಂಗತಿ ಬೇರೆ. ಕೊಂಡ ಡೀಸೆಲಿಗೂ ಪರದೆ ಎಣಿಸಿದ ಡೀಸೆಲಿಗೂ ನಡುವೆ ಎಲ್ಲೋ ಸೋರಿಕೆಯಾಗಿದೆ. ಆಗಲೂ ಮೊದಲು ಕೊಳವೆ, ಟ್ಯಾಂಕು, ಅದರ ಮುಚ್ಚಳಗಳನ್ನು ನೋಡಿಸಿ. ಬಂಕಿನ ಐದು ಲೀಟರನ್ನು ಅಳೆಸಿ. ಇಂಜೆಕ್ಟರನ್ನು ಪರೀಕ್ಷೆ ಮಾಡಿಸಿ. ಮನುಷ್ಯನನ್ನು ಪ್ರಶ್ನಿಸುವುದು ಇವೆಲ್ಲ ಮುಗಿದ ಮೇಲೆ. ಗಾಡಿಯ ಹುಟ್ಟುಗುಣವೇ 0.95 ಆಗಿರುವಲ್ಲಿ ಆ ನೂರಕ್ಕೆ ಐದರ ವ್ಯತ್ಯಾಸವನ್ನು ಚಾಲಕನ ತಲೆಗೆ ಕಟ್ಟುವುದು ಅನ್ಯಾಯ.

ಪರದೆಯಲ್ಲಿ ಇನ್ನೊಂದು ಅಂಕಿಯುಂಟು: ಇರುವ ಡೀಸೆಲಿನಿಂದ ಇನ್ನೆಷ್ಟು ದೂರ ಹೋಗಬಹುದು ಎಂಬುದು. ಇದು ಲೆಕ್ಕವಲ್ಲ, ಭವಿಷ್ಯ. ಇದುವರೆಗೆ ಓಡಿದಂತೆಯೇ ಮುಂದೆಯೂ ಓಡೀತೆಂಬ ನಂಬಿಕೆ ಅದಕ್ಕೆ ಆಧಾರ. ಮೈಸೂರಿನಿಂದ ಬರಿಗಾಡಿ ಲೀಟರಿಗೆ 15ರಂತೆ ಓಡಿ ಬಂದಿದ್ದರೆ, 20 ಲೀಟರಿಗೆ 300 ಕಿಲೋಮೀಟರು ಎಂದು ಅದು ಹೇಳೀತು. ಅದೇ ಗಾಡಿಗೆ ಹೆಗ್ಗಡದೇವನಕೋಟೆಯಲ್ಲಿ ಶುಂಠಿ ಹೇರಿದಮೇಲೆ ಲೀಟರಿಗೆ ಹತ್ತೇ ಬಂದರೆ, ಇರುವುದು 200 ಮಾತ್ರ. ಅಂತರಸಂತೆ ದಾಟಿ ಕಾಕನಕೋಟೆ, ಬಾವಲಿಗಳ ಮೇಲೆ ಮಾನಂದವಾಡಿಗೆ ಹೋಗುವವರು ಇದನ್ನು ಮನಸ್ಸಿನಲ್ಲಿಡಬೇಕು. 1971ರವರೆಗೆ ಖೆಡ್ಡಾ ನಡೆದ ಆ ಕಾಡು ಇಂದಿಗೂ ಆನೆಗಳದೇ. ರಾತ್ರಿ ಸಂಚಾರಕ್ಕೆ ಅಲ್ಲಿ ತಡೆಯಿದೆ. ಡೀಸೆಲು ಮುಗಿದು ನಿಲ್ಲುವ ಸ್ಥಳ ಅದಲ್ಲ. ಕಾಡಿಗೆ ಮುಂಚೆಯೇ ಟ್ಯಾಂಕು ತುಂಬಿಸಿಕೊಳ್ಳುವುದು ಕ್ಷೇಮ.

ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ ಮಾತು ಗಾಜಿನ ಹಿಂದೆ ಹೊಳೆಯುವ ಅಂಕಿಗೂ ಅನ್ವಯಿಸುತ್ತದೆ. ಎರಡು ರೂಪಾಯಿಯ ಪೆನ್ಸಿಲು, ನಾಲ್ಕು ಗೆರೆ ಎಳೆದ ಒಂದು ಪುಸ್ತಕ ಗಾಡಿಯಲ್ಲಿರಲಿ. ತಾರೀಖು, ಮೀಟರು, ಲೀಟರು, ಪರದೆಯ ಅಂಕಿ, ಇಷ್ಟನ್ನೇ ತುಂಬಿಸಿದಾಗಲೆಲ್ಲ ಬರೆಯಿರಿ. ಬರೆಯುವ ಕೆಲಸವನ್ನು ಚಾಲಕನಿಗೇ ಒಪ್ಪಿಸಿ, ತಿಂಗಳ ಕೊನೆಯಲ್ಲಿ ಅವನ ಎದುರಿಗೇ ಕೂಡಿಸಿ ಭಾಗಿಸಿ. ಲೆಕ್ಕ ಇಬ್ಬರ ಕಣ್ಣಮುಂದೆ ನಡೆದಾಗ ಜಗಳಕ್ಕೆ ಅವಕಾಶ ಉಳಿಯುವುದು ಕಡಿಮೆ.