ಕೂಗಿದರೆ ಓಗೊಡುವ ಯಂತ್ರಗಳು

ವಠಾರದ ಬಾಳನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ. ಅಂಚೆಯವನು ನಡು ಅಂಗಳದಲ್ಲಿ ನಿಂತು, "ಸೀತಮ್ಮನವರು ಯಾರು?" ಎಂದು ಕೂಗುತ್ತಾನೆ. ಹತ್ತು ಮನೆಗಳಿಗೂ ಕೂಗು ಕೇಳಿಸುತ್ತದೆ. ಸೀತಮ್ಮನವರೊಬ್ಬರೇ ಬಾಗಿಲಿಗೆ ಬರುತ್ತಾರೆ. ನಮ್ಮ ಮನೆ, ಕಚೇರಿಗಳಲ್ಲಿರುವ ಗಣಕಯಂತ್ರಗಳು ಒಂದನ್ನೊಂದು ಕಂಡುಕೊಳ್ಳುವ ಬಗೆಯೂ ಇದೇ ಎಂದರೆ ವಾಚಕರಿಗೆ ಅಚ್ಚರಿಯಾದೀತು.

ಜಾಲದಲ್ಲಿರುವ ಯಂತ್ರಕ್ಕೆ ಸಾಮಾನ್ಯವಾಗಿ ಎರಡು ವಿಳಾಸಗಳು. ಒಂದು, ಅದರ ಸಂಪರ್ಕ ಸಾಧನಕ್ಕೆ ಸೇರಿದ 48 ಬಿಟ್‌ಗಳ ಸಂಖ್ಯೆ. ಇನ್ನೊಂದು, ಆ ಜಾಲದಲ್ಲಿ ಅದಕ್ಕೆ ದೊರೆತ ಐ.ಪಿ. ಸಂಖ್ಯೆ. ಎರಡನೆಯದು ಮಾತ್ರ ತಿಳಿದಿರುವಾಗ ಯಂತ್ರವು, "ಈ ಸಂಖ್ಯೆ ಯಾರದು?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ; ಸಂಬಂಧಪಟ್ಟ ಯಂತ್ರ ತನ್ನ ಮೊದಲನೆಯ ಸಂಖ್ಯೆಯನ್ನು ತಿಳಿಸುತ್ತದೆ. ಎ.ಆರ್.ಪಿ. ಎಂಬ ಈ ನಿಯಮವನ್ನು 1982ರಲ್ಲಿ ಡೇವಿಡ್ ಪ್ಲಮ್ಮರ್ ಬರೆದರು.

ಹೆಸರು ಹಿಡಿದು ಕೂಗುವುದೂ ಉಂಟು. 2013ರಲ್ಲಿ ಪ್ರಕಟವಾದ ಎಂ.ಡಿ.ಎನ್.ಎಸ್. ನಿಯಮದಂತೆ, ಹೊಸದಾಗಿ ಬಂದ ಪ್ರಿಂಟರು ತಾನು ಬಯಸಿದ ಹೆಸರು ಬೇರೆ ಯಾರಿಗಾದರೂ ಇದೆಯೇ ಎಂದು ಕಾಲು ಸೆಕೆಂಡಿಗೊಮ್ಮೆ ಮೂರು ಬಾರಿ ವಿಚಾರಿಸುತ್ತದೆ. ಆಕ್ಷೇಪಣೆ ಬಂದರೆ ಬೇರೆ ಹೆಸರನ್ನು ಆರಿಸಿಕೊಳ್ಳುತ್ತದೆ. ಎಂಥ ಸೌಜನ್ಯ!

ಆದರೆ ಕೂಗಿಗೂ ಒಂದು ಮೇರೆಯಿದೆ. ನಾಳೆ ಪರೀಕ್ಷೆ, ಮಗಳು ಪ್ರವೇಶಪತ್ರವನ್ನು ಮುದ್ರಿಸಲು ಕುಳಿತರೆ, ಕಣ್ಣೆದುರಿಗಿರುವ ಪ್ರಿಂಟರು ಅವಳ ಫೋನಿಗೆ ಕಾಣುತ್ತಿಲ್ಲ! ಕಾರಣ ಸರಳ: ಫೋನು ಅತಿಥಿಗಳ ವೈಫೈ ಜಾಲದಲ್ಲಿದೆ, ಪ್ರಿಂಟರು ಮನೆಯವರ ಜಾಲದಲ್ಲಿ. ಎರಡರ ನಡುವೆ ರೂಟರೆಂಬ ಗೋಡೆ. ಈ ಬಗೆಯ ಕೂಗನ್ನು ಅದು ಆಚೆಗೆ ಬಿಡುವುದಿಲ್ಲ. ಬಿಟ್ಟಿದ್ದರೆ ಲೋಕದ ಯಂತ್ರಗಳೆಲ್ಲದರ ಕೂಗು ನಮ್ಮ ಮನೆಗೂ ನುಗ್ಗಿ, ಯಾರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ.

ಗೋಡೆಯಾಚೆಗಿನವರನ್ನು ಹುಡುಕಲು ದಫ್ತರ ಬೇಕು. ಅಮೆರಿಕದ ಆರ್ಪಾನೆಟ್ ಜಾಲದ ಯಂತ್ರಗಳ ಹೆಸರುಗಳನ್ನು ಎಸ್.ಆರ್.ಐ. ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಒಂದೇ ಪಟ್ಟಿಯಲ್ಲಿ ಕಾಪಾಡುತ್ತಿತ್ತು. ಜಾಲ ಬೆಳೆದಂತೆ ಪಟ್ಟಿಯನ್ನು ಸಂಭಾಳಿಸುವುದು ಕಷ್ಟವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿ.ಎನ್.ಎಸ್. ವ್ಯವಸ್ಥೆಯನ್ನು ರೂಪಿಸಿ, ಆ ಒಂದು ದಫ್ತರವನ್ನು ಅನೇಕರ ಕೈಗೆ ಹಂಚಿದರು. ದೂರದ ಜಾಲತಾಣದ ಹೆಸರನ್ನು ನಾವು ಬರೆದಾಗ ಇಂದಿಗೂ ನೆರವಾಗುವುದು ಆ ವ್ಯವಸ್ಥೆಯೇ.

ಗೋಡೆಯಿಂದ ಇನ್ನೊಂದು ಉಪಕಾರವೂ ಇದೆ. ಕೂಗುವ ಯಂತ್ರ ಬಲು ಮುಗ್ಧ. "ನಾನೇ" ಎಂದವರನ್ನು ನಂಬಿಬಿಡುತ್ತದೆ. ಎ.ಆರ್.ಪಿ.ಯಲ್ಲಿ ಗುರುತು ಸಾಬೀತುಪಡಿಸುವ ಕ್ರಮವೇ ಇಲ್ಲ. ಸೀತಮ್ಮನವರ ಕಾಗದವನ್ನು ಬೇರೊಬ್ಬರು ಕೈಚಾಚಿ ಪಡೆದಂತೆ, ಅದೇ ಜಾಲದೊಳಗೆ ಸೇರಿಕೊಂಡ ವಂಚಕನು ಸುಳ್ಳು ಉತ್ತರ ಕೊಟ್ಟು ನಡುವೆ ನಿಲ್ಲಬಲ್ಲ. ಆದುದರಿಂದಲೇ ಪರಿಚಯವಿಲ್ಲದವರ ಯಂತ್ರಗಳಿಗೆ ಬೇರೆಯೇ ಜಾಲವಿರುವುದು ಲೇಸು.

ಮುಂದೆ ಎಂದಾದರೂ ಪ್ರಿಂಟರು ಕಾಣದಿದ್ದರೆ ಅದನ್ನು ಶಪಿಸುವ ಮುನ್ನ, ಫೋನು ಯಾವ ಜಾಲದಲ್ಲಿದೆಯೆಂದು ನೋಡಿರಿ. ಫೋನನ್ನು ಮನೆಯವರ ಜಾಲಕ್ಕೆ ತಂದರೆ ಮಗಳ ಪ್ರವೇಶಪತ್ರ ಕೈಸೇರೀತು. ಗೋಡೆ ಮಾತ್ರ ಅಲ್ಲಿಯೇ ಇರಲಿ. ಅದು ನಿಮ್ಮ ಮನೆಯನ್ನೇ ಕಾಯುತ್ತಿದೆ.