ಗಂಡಿರುವೆಗಳ ಪ್ರಣಯವೂ ಲೈಂಗಿಕ ಆಯ್ಕೆಯೂ

ಇರುವೆಗಳ ಸಮಾಜಜೀವನವನ್ನು ವರ್ಣಿಸುವ ಪಠ್ಯಗ್ರಂಥಗಳು ಗಂಡಿರುವೆಯ ವಿಷಯವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದು ವಾಡಿಕೆ. ಅದು ಗರ್ಭಾಧಾನವಾಗದ ಮೊಟ್ಟೆಯಿಂದ ಹುಟ್ಟುತ್ತದೆ. ರೆಕ್ಕೆ ಬಲಿತೊಡನೆ ಗೂಡನ್ನು ಬಿಟ್ಟು ಹಾರುತ್ತದೆ. ರಾಣಿಯೊಡನೆ ಕೂಡಿ ಸಾಯುತ್ತದೆ. ಈ ಚಿತ್ರ ಬಹುಮಟ್ಟಿಗೆ ನಿಜವೇ. ಹೆಚ್ಚಿನ ಜಾತಿಗಳಲ್ಲಿ ಗಂಡು ಪ್ರೌಢಾವಸ್ಥೆಗೆ ಬರುವ ವೇಳೆಗೆ ವೀರ್ಯೋತ್ಪತ್ತಿಯು ನಿಂತು ವೃಷಣಗಳು ಕ್ಷಯಿಸತೊಡಗುತ್ತವೆ. ಅಷ್ಟರೊಳಗೆ ಸಂಗ್ರಹವಾದುದೇ ಅದರ ಆಜೀವ ಬಂಡವಾಳ. ಆದರೆ ಡಾರ್ವಿನ್ನನು 1871ರಲ್ಲಿ ಲೈಂಗಿಕ ಆಯ್ಕೆಗೆ ಹೇಳಿದ ಎರಡು ದಾರಿಗಳಿಗೆ, ಎಂದರೆ ಗಂಡುಗಂಡುಗಳ ಕಾಳಗಕ್ಕೂ ಹೆಣ್ಣಿನ ಆಯ್ಕೆಗೂ, ಇಷ್ಟು ಅಲ್ಪಾಯುವಾದ ಜೀವಿಯಲ್ಲಿ ಎಡೆಯಿಲ್ಲವೆಂದು ತಿಳಿಯುವುದು ಸರಿಯಲ್ಲ.

ಅಮೆರಿಕದ ಒಣನಾಡುಗಳಲ್ಲಿ ಕಾಳುಗಳನ್ನು ಕೂಡಿಡುವ ಪೊಗೊನೊಮರ್ಮೆಕ್ಸ್ ಕುಲದ ಹಲವು ಜಾತಿಗಳ ಗಂಡುಗಳು ವರ್ಷವರ್ಷವೂ ಗೊತ್ತಾದ ಸ್ಥಳಗಳಲ್ಲಿಯೇ ಗುಂಪುಗೂಡುತ್ತವೆಂಬುದನ್ನು ಹೋಲ್ಡೊಬ್ಲರ್ 1976ರಲ್ಲಿ ವಿವರಿಸಿದರು. ಅಲ್ಲಿಗೆ ಬಂದಿಳಿಯುವ ಒಂದೊಂದು ಹೆಣ್ಣನ್ನೂ ಅನೇಕ ಗಂಡುಗಳು ಮುತ್ತುತ್ತವೆ. ಈ ನೂಕುನುಗ್ಗಲಿನಲ್ಲಿ ದೊಡ್ಡ ಮೈಯ ಗಂಡಿಗೆ ಮೇಲುಗೈ. ಹಲವು ಸಲ ಕೂಡಿದ ಹೆಣ್ಣು ಮೈಯ ಫಲಕಗಳನ್ನು ಉಜ್ಜಿ ಒಂದು ಬಗೆಯ ಕಿರುಸದ್ದು ಮಾಡುತ್ತದೆ. ಅದರ ಕಂಪನವನ್ನರಿತ ಗಂಡು ಹಿಡಿತವನ್ನು ಬಿಡುತ್ತದೆ.

ಇದಕ್ಕಿಂತ ವಿಚಿತ್ರವಾದುದು ಕಾರ್ಡಿಯೊಕಾಂಡೈಲಾ ಅಬ್ಸ್ಕ್ಯೂರಿಯರ್ ಎಂಬ ಪುಟ್ಟ ಇರುವೆಯ ಸಂಗತಿ. ಬ್ರೆಜಿಲ್‌ನಲ್ಲಿ ಇದು ಬಲಿಯದೆ ಒಣಗಿದ ಎಳೆ ತೆಂಗಿನಕಾಯಿಗಳಲ್ಲಿಯೂ ಗೂಡು ಕಟ್ಟುವುದುಂಟು. ಇದರಲ್ಲಿ ಎರಡು ಬಗೆಯ ಗಂಡುಗಳಿವೆ. ಒಂದಕ್ಕೆ ರೆಕ್ಕೆಯುಂಟು, ಸ್ವಭಾವ ಸಾಧು. ಇನ್ನೊಂದಕ್ಕೆ ರೆಕ್ಕೆಯಿಲ್ಲ, ನೋಟಕ್ಕೆ ಕೆಲಸಗಾರ ಇರುವೆಯನ್ನು ಹೋಲುತ್ತದೆ, ದವಡೆ ಮಾತ್ರ ಕತ್ತಿಯಂತೆ ಬಾಗಿ ಚೂಪಾಗಿದೆ. ಇದು ಹುಟ್ಟಿದ ಗೂಡಿನಲ್ಲಿಯೇ ಉಳಿದು, ಕೋಶದಿಂದ ಆಗತಾನೆ ಹೊರಬಂದ, ಮೈ ಇನ್ನೂ ಮೆತ್ತಗಿರುವ ರೆಕ್ಕೆಯಿಲ್ಲದ ಎದುರಾಳಿಯನ್ನು ಕಂಡರೆ ಕಚ್ಚಿ ಕೊಲ್ಲುತ್ತದೆ. ಮೈ ಗಟ್ಟಿಯಾದ ಪ್ರೌಢನನ್ನು ಹಾಗೆ ಕೊಲ್ಲುವುದು ಸುಲಭವಲ್ಲ. ಆಗ ಅದನ್ನು ದವಡೆಯಲ್ಲಿ ಹಿಡಿದು, ತನ್ನ ಹಿಂಗರುಳಿನ ಸ್ರಾವವನ್ನು ಅದರ ಮೈಗೆ ಬಳಿಯುತ್ತದೆ. ಬಳಿಸಿಕೊಂಡ ಗಂಡನ್ನು ಕೆಲಸಗಾರ ಇರುವೆಗಳು ಹಗೆಯೆಂದು ಬಗೆದು ಕೊಲ್ಲುತ್ತವೆ. ಕೊಲೆಯನ್ನು ಸಹೋದರಿಯರಿಂದಲೇ ಮಾಡಿಸುವ ಈ ಉಪಾಯಕ್ಕೆ ಸಾಟಿಯಾದುದು ಕೀಟಲೋಕದಲ್ಲಿ ವಿರಳವೆಂದೇ ಹೇಳಬೇಕು.

ಗೆದ್ದ ಗಂಡಿಗೆ ದೊರೆಯುವ ಫಲವೂ ಅಸಾಧಾರಣವಾದುದು. ಎಳೆಯ ರಾಣಿಗಳು ಗೂಡಿನಲ್ಲಿ ಒಂದೇ ದಿನ ಹೊರಬರುವುದಿಲ್ಲ, ಒಂದಾದ ಮೇಲೊಂದರಂತೆ ಬರುತ್ತವೆ. ಅವೆಲ್ಲವನ್ನೂ ಕೂಡಬೇಕಾದರೆ ಮೊದಲೇ ಕೂಡಿಟ್ಟ ವೀರ್ಯ ಸಾಲದು. ಈ ಗಂಡಿನ ವೃಷಣಗಳು ಕ್ಷಯಿಸದೆ ಜೀವಮಾನವಿಡೀ ವೀರ್ಯವನ್ನುಂಟುಮಾಡುತ್ತಿರುತ್ತವೆಂದು ಹೈನ್ಜೆ ಮತ್ತು ಹೋಲ್ಡೊಬ್ಲರ್ 1993ರಲ್ಲಿ ತೋರಿಸಿದರು. ಪ್ರಣಯದ ರೀತಿ ಬದಲಾದರೆ ಅಂಗರಚನೆಯೂ ಬದಲಾಗುತ್ತದೆಂಬುದಕ್ಕೆ ವಿದ್ಯಾರ್ಥಿಗಳಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಕೊಡುವುದು ಕಷ್ಟ.

ಹಾಗಾದರೆ ಆಯುಧವಿಲ್ಲದ ರೆಕ್ಕೆಯ ಗಂಡು ಇಂತಹ ಗೂಡಿನಲ್ಲಿ ಉಳಿಯುವುದೆಂತು? ಉತ್ತರವು ವಾಸನೆಯಲ್ಲಿದೆ. ಅದರ ಮೈಯ ಮೇಲಿನ ರಾಸಾಯನಿಕ ದ್ರವ್ಯಗಳು ಕನ್ಯಾರಾಣಿಯವನ್ನು ಹೋಲುತ್ತವೆಂದು ಕ್ರೆಮರ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದರು. ಕಾದಾಳು ಗಂಡು ಇದನ್ನು ಕೊಲ್ಲುವುದಿರಲಿ, ರಾಣಿಯೆಂದು ಭ್ರಮಿಸಿ ಇದರೊಡನೆ ಕೂಡಲೂ ಯತ್ನಿಸುತ್ತದೆ! ಈ ಮರೆಯಲ್ಲಿ ರೆಕ್ಕೆಯ ಗಂಡು ಗೂಡಿನೊಳಗೆಯೇ ರಾಣಿಗಳನ್ನು ಕೂಡಿ, ಬಳಿಕ ಹೊರಕ್ಕೂ ಹಾರಿಹೋಗಬಲ್ಲುದು. ಇಂತಹ ಗಂಡುಗಳು ಸದಾ ಹುಟ್ಟುವುದಿಲ್ಲ. ಉಷ್ಣತೆ ಇಳಿಯುವುದೇ ಮೊದಲಾಗಿ ಪರಿಸರ ಪ್ರತಿಕೂಲವಾದಾಗ, ಎಂದರೆ ಗೂಡನ್ನು ಬಿಟ್ಟು ಹೋಗುವುದೇ ಲೇಸಾಗಬಹುದಾದ ಕಾಲದಲ್ಲಿ, ಅವು ಕಾಣಿಸಿಕೊಳ್ಳುತ್ತವೆ.